ಇಡೀ ಅಂಗಡಿ ಆಡಿದ ಆಟ

ಮಗಳು ಎರಡು ಸಲ ಸೀನಿದರೆ ಥರ್ಮಾಮೀಟರ್ ಹುಡುಕುವವಳು ನಾನು. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬಸ್ ಸ್ಟಾಪಿನಿಂದ ಮನೆಗೆ ಓಡಿ ಬಂದದ್ದೂ ಉಂಟು. ಆದರೆ ಆ ಚಿಂತೆಗಳಿಗೆಲ್ಲ ಒಂದು ಕೊನೆಯಿರುತ್ತಿತ್ತು. ಜ್ವರ ಇಳಿಯುತ್ತಿತ್ತು, ಗ್ಯಾಸ್ ಆರಿಯೇ ಇರುತ್ತಿತ್ತು. ಈ ಸಲದ್ದು ಹಾಗಿರಲಿಲ್ಲ. ಅಪ್ಪನ ಕತ್ತರಿ ಸುಮ್ಮನಾಗಿಬಿಟ್ಟಿತ್ತು.

ಅಪ್ಪನದು ಕಟಿಂಗ್ ಅಂಗಡಿ. ಎರಡು ತಿರುಗುವ ಕುರ್ಚಿ, ಅಂಚು ಕಪ್ಪಾದ ಉದ್ದ ಕನ್ನಡಿ, ಕಾಯುವವರಿಗೆ ಗೋಡೆಗೆ ತಾಗಿಸಿದ ಬೆಂಚು. ಕೂದಲು ಕತ್ತರಿಸುತ್ತ ಕತ್ತರಿಸುತ್ತ ನಡುವೆ ಕತ್ತರಿಯನ್ನು ಬರಿಗಾಳಿಯಲ್ಲಿ ಕಚಕಚ ಆಡಿಸುವುದು ಅವನ ಅಭ್ಯಾಸ. "ಗಾಳಿಗೂ ಕಟಿಂಗ್ ಮಾಡ್ತೀಯಾ ಅಪ್ಪಾ?" ಎಂದು ಚಿಕ್ಕಂದಿನಲ್ಲಿ ಕೇಳುತ್ತಿದ್ದೆ. "ತಲೆ ಯೋಚನೆ ಮಾಡ್ತಿರೋವಾಗ ಕೈ ಯಾಕೆ ಖಾಲಿ ಕೂರಬೇಕು?" ಎನ್ನುತ್ತಿದ್ದ.

ಆ ತಲೆ ಯೋಚಿಸುತ್ತಿದ್ದದ್ದು ಹೆಚ್ಚಾಗಿ ಚೆಸ್ಸಿನ ಬಗ್ಗೆ. ಯಾರೋ ಗಿರಾಕಿ ಮರೆತುಹೋದ ಡಬ್ಬಿಯಿಂದ ಅವನು ಆಟ ಕಲಿತ. ಡಬ್ಬಿಯಲ್ಲಿ ಒಂದು ಕುದುರೆ ಕಡಿಮೆಯಿತ್ತು, ಅದರ ಜಾಗಕ್ಕೆ ಹೇರ್ ಡೈ ಬಾಟಲಿಯ ಮುಚ್ಚಳ ಬಂತು. ಶಾಲೆಗೆ ಸೇರಿದ ಮೇಲೂ ನಾನು ಕುದುರೆಯನ್ನು ಮುಚ್ಚಳ ಎಂದೇ ಕರೆದು ನಗೆಪಾಟಲಾಗಿದ್ದೇನೆ. ಆ ಡಬ್ಬಿ ಸವೆದು ಮೂಲೆ ಸೇರಿದಾಗ ನಾನೇ ಅವನ ಫೋನಿಗೆ ಆನ್‌ಲೈನ್ ಚೆಸ್ ಹಾಕಿಕೊಟ್ಟೆ. ಎಲ್ಲೆಲ್ಲಿಯವರೋ ಎದುರಿಗೆ ಬಂದು ಆಡುತ್ತಾರೆ, ಗೆದ್ದರೆ ಪಾಯಿಂಟ್ ಏರುತ್ತದೆ, ಸೋತರೆ ಇಳಿಯುತ್ತದೆ. ಅಪ್ಪ ಏರುತ್ತಲೇ ಹೋದ.

ಹೋದ ತಿಂಗಳು ಫೋನ್ ಹಿಡಿದು ಮನೆಗೆ ಬಂದ. "ಏನೋ ಬಂದಿದೆ, ಓದಮ್ಮ."

ಓದಿದೆ. ನ್ಯಾಯವಾಗಿ ಆಡದ ಕಾರಣ ಖಾತೆ ಮುಚ್ಚಲಾಗಿದೆ ಎಂದಿತ್ತು.

"ಅಂದ್ರೆ?"

"ಮೋಸ ಮಾಡಿದೀಯ ಅಂತ, ಅಪ್ಪಾ."

ಕಿವಿಯ ಪಕ್ಕದ ಕೂದಲು ಒಂದು ಕಡೆ ಎಳ್ಳಷ್ಟು ಉದ್ದ ಉಳಿಯಿತೆಂದು ಗಿರಾಕಿಯನ್ನು ಬೀದಿಯ ಕೊನೆಯಿಂದ ವಾಪಸು ಕರೆಸಿದ ಮನುಷ್ಯ ಅವನು. ಫೋನನ್ನು ಜೇಬಿಗೆ ಹಾಕಿಕೊಂಡು ಹೋದ. ಅಂದಿನಿಂದ ಗಾಳಿಗೆ ಕಟಿಂಗ್ ನಿಂತುಹೋಯಿತು. "ಊಟಕ್ಕೆ ಕೂತ್ರೂ ಗೋಡೆ ನೋಡ್ತಾರೆ ಕಣೇ," ಎಂದು ಅಮ್ಮ ಫೋನಿನಲ್ಲಿ ಪಿಸುಗುಟ್ಟಿದಳು. "ಅಷ್ಟೊಂದು ಗೆಲ್ಲಬೇಡಿ ಅಂತ ಬಡ್ಕೊಂಡೆ. ಗೆದ್ದೋರನ್ನ ಕಂಪನಿಯವರು ಸುಮ್ನೆ ಬಿಡ್ತಾರಾ?"

ಕಂಪನಿಗೆ ಮೇಲ್ಮನವಿ ಬರೆಯಬಹುದಿತ್ತು. ಅದನ್ನು ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಮಗಳ ಕೂದಲೂ ಬೆಳೆದು ಕಣ್ಣ ಮೇಲೆ ಬೀಳುತ್ತಿತ್ತು, ಹಾಗಾಗಿ ಅವಳನ್ನೂ ಕರೆದುಕೊಂಡು ಅಂಗಡಿಗೆ ಹೋದೆ. ದಾರಿಯಲ್ಲಿ ಬಸ್ಸಿನಲ್ಲೇ ಆಟದ ನಿಯಮಗಳನ್ನೆಲ್ಲ ಓದಿಕೊಂಡಿದ್ದೆ.

ಬೆಂಚಿನ ಮೇಲೆ ಇಬ್ಬರಿದ್ದರು: ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಮತ್ತು ಪಕ್ಕದ ಅಂಗಡಿಯ ಎಲೆಕ್ಟ್ರಿಷಿಯನ್. ಇಬ್ಬರೂ ಅಪ್ಪನಿಗಿಂತ ಹೆಚ್ಚು ಕುದಿಯುತ್ತಿದ್ದರು.

"ಸೋತವರೆಲ್ಲ ಸೇರಿ ಕಂಪ್ಲೇಂಟ್ ಒತ್ತಿರ್ತಾರೆ ಕಣಮ್ಮ," ಎಂದ ಎಲೆಕ್ಟ್ರಿಷಿಯನ್. "ಹತ್ತು ಜನ ಒತ್ತಿದ್ರೆ ಮುಗೀತು, ತಾನಾಗೇ ಬ್ಯಾನ್."

"ಅವರು ಹತ್ತಾದ್ರೆ ನಾವು ಇಪ್ಪತ್ತು ಜನ ಸೈನ್ ಹಾಕೋಣ," ಎಂದರು ಮೇಷ್ಟ್ರು. "ಬೀದಿಗೆ ಬೀದೀನೇ ನಿಮ್ಮಪ್ಪನ ಕಡೆ ಇದೆ."

ಕಂಪ್ಲೇಂಟು ಎಷ್ಟು ಬಂದರೂ ಅದರಿಂದಲೇ ಖಾತೆ ಮುಚ್ಚುವುದಿಲ್ಲ, ನಡೆಗಳನ್ನು ಒಂದೊಂದಾಗಿ ಪರೀಕ್ಷಿಸುತ್ತಾರೆ ಎಂದು ಆ ಆಟದವರೇ ಬರೆದಿದ್ದರು. ಅದನ್ನು ಹೇಳಿದೆ.

"ನೋಡಲಿ ಬಿಡಮ್ಮ!" ಮೇಷ್ಟ್ರು ಎದೆ ಉಬ್ಬಿಸಿದರು. "ಆ ಕೊನೇ ಆಟದಲ್ಲಿ ಕುದುರೆ ಕುಣಿಸಿದ್ದು ಯಾರು? ನಾನು. ನಿಮ್ಮಪ್ಪ ಶೇವಿಂಗ್ ಮಾಡ್ತಿದ್ರು, ನಾನು ಇಲ್ಲಿಂದಲೇ ಕೂಗಿದೆ."

"ರಾಣೀನ ಬಿಟ್ಟುಕೊಟ್ಟು ಗೆಲ್ಲಿಸಿದ್ದು ಯಾರೋ?" ಎಂದ ಎಲೆಕ್ಟ್ರಿಷಿಯನ್.

"ಅದು ಇವನದೇ," ಎಂದ ಅಪ್ಪ, ಅಂದು ಮೊದಲ ಸಲ ನಗುತ್ತ. "ಇವನ ತಲೆ ತಲೆ ಅಲ್ಲಮ್ಮ."

"ತಲೆ ಎಲ್ಲಿ ಬಂತು ಅಣ್ಣಾ! ನನ್ನ ಫೋನಲ್ಲಿ ಅದೇ ಆಟ ಇಟ್ಟು ಕಂಪ್ಯೂಟರ್ ಏನನ್ನತ್ತೆ ಅಂತ ನೋಡಿದೆ. ನಿಮ್ಮ ಫೋನಿಗೆ ಏನೂ ಹಾಕಿಲ್ವಲ್ಲ, ಅದು ಹೆಂಗೆ ಮೋಸ ಆಗತ್ತೆ?"

"ಅದೇ ಮತ್ತೆ," ಎಂದ ಅಪ್ಪ.

ನಾನು ಅಪ್ಪನ ಕತ್ತರಿಯ ಕೆಳಗೆ ಮಗಳ ತಲೆ ಅಲುಗದಂತೆ ಹಿಡಿದು ನಿಂತಿದ್ದೆ. ಆಟ ನಡೆಯುವಾಗ ಮನುಷ್ಯರಿಂದಾಗಲಿ ಯಂತ್ರದಿಂದಾಗಲಿ, ಯಾವ ಫೋನಿನಿಂದಾಗಲಿ, ಸಹಾಯ ಪಡೆಯಬಾರದು. ಬಸ್ಸಿನಲ್ಲಿ ಓದಿದ ಆ ಸಾಲನ್ನು ಹೇಳುವ ಬದಲು ಮಗಳ ಕತ್ತಿನ ಮೇಲಿನ ಕೂದಲು ಕೊಡವಿದೆ. ಮೂವರೂ ಒಳ್ಳೆಯವರು, ಮೂವರಿಗೂ ನಾಚಿಕೆಯ ಸುಳಿವಿಲ್ಲ. ಯಾಕಿರಬೇಕು? ಆ ಅಂಗಡಿಯಲ್ಲಿ ಪೇಪರನ್ನು ಒಬ್ಬ ಓದುತ್ತಾನೆ, ಎಲ್ಲರೂ ಕೇಳುತ್ತಾರೆ. ಮಗುವಿನ ಕೂದಲು ಕತ್ತರಿಸುವಾಗ ಬೆಂಚಿನವರೇ ಮುಖ ಸೊಟ್ಟ ಮಾಡಿ ನಗಿಸುತ್ತಾರೆ. ಆಟವನ್ನು ಒಬ್ಬನೇ ಆಡಬೇಕು ಎಂಬುದು ಅಲ್ಲಿ ಯಾರ ತಲೆಗೂ ಹೊಳೆದಿರಲಿಲ್ಲ.

"ಸುಮ್ನೆ ಬೇರೆ ಹೆಸರಲ್ಲಿ ಹೊಸ ಖಾತೆ ತೆಗೀರಿ ಅಣ್ಣಾ," ಎಂದ ಎಲೆಕ್ಟ್ರಿಷಿಯನ್.

ಅಪ್ಪನ ನಗು ಆರಿತು. "ಕಳ್ಳ ಅಲ್ಲದೋನು ಹೆಸರು ಯಾಕಪ್ಪಾ ಬದಲಾಯಿಸಬೇಕು?" ಆಮೇಲೆ ನನ್ನ ಕಡೆ ತಿರುಗಿ, "ನೀನು ಓದಿದವಳು. ಚೆನ್ನಾಗಿ ಬರಿ. ನಮ್ಮಪ್ಪ ಮೋಸ ಮಾಡೋನಲ್ಲ ಅಂತ ಬರಿ," ಎಂದ.

ಮನೆಗೆ ಬಂದು ಬರೆಯಲು ಕೂತೆ. ಮೋಸ ಮಾಡುವವನಲ್ಲ ಎಂಬುದು ನಿಜ. ನಿಯಮ ಮುರಿದಿಲ್ಲ ಎಂದರೆ ಸುಳ್ಳು. ಒಂದು ಸಾಲು ಬರೆಯುವುದು, ಅಳಿಸುವುದು. ನಾಳೆ, ನಾಡಿದ್ದು ಎಂದು ವಾರ ತಳ್ಳಿದೆ. "ಬರೆದೆಯಾ?" ಎಂದು ಅಪ್ಪ ಕೇಳಿದಾಗಲೆಲ್ಲ, "ಮಗೂಗೆ ಹುಷಾರಿಲ್ಲ ಅಪ್ಪಾ," ಎಂದೆ. ಮಗಳು ಸೋಫಾದ ಮೇಲೆ ಕುಪ್ಪಳಿಸುತ್ತಿದ್ದಳು.

"ಇದ್ದದ್ದು ಇದ್ದ ಹಾಗೆ ಹೇಳಿಬಿಡು," ಎಂದರು ನಮ್ಮವರು.

"ನೊಂದುಕೊಂಡ್ರೆ?"

"ಈಗೇನು ಕುಣೀತಿದಾರಾ?"

ಮಧ್ಯಾಹ್ನ ಮಗಳು ಮಲಗಿದ ಮೇಲೆ ಅಡುಗೆಮನೆಯ ಬಾಗಿಲು ಹಾಕಿಕೊಂಡು ಅಂಗಡಿಗೆ ಫೋನ್ ಮಾಡಿದೆ.

"ಅಪ್ಪಾ, ಕೈ ಖಾಲಿ ಇದೆಯಾ?"

"ಮೇಷ್ಟ್ರ ತಲೆ ಕೈಯಲ್ಲಿದೆ. ಹೇಳು. ಮಗು ಹೇಗಿದೆ?"

"ಮಗು ಚೆನ್ನಾಗಿದೆ. ಚೆನ್ನಾಗೇ ಇತ್ತು. ಅಪ್ಪಾ, ನೀನು ಮೋಸ ಮಾಡೋನಲ್ಲ. ಆದ್ರೆ ಕಂಪನಿಯವರು ಹೇಳಿದ್ದು ಸರಿ. ಒಬ್ಬನೇ ಆಡಬೇಕಂತೆ. ಮೇಷ್ಟ್ರು ಕೂಗೋ ಹಾಗಿಲ್ಲ, ಆ ಎಲೆಕ್ಟ್ರಿಷಿಯನ್ ಇನ್ನೊಂದು ಫೋನಲ್ಲಿ ನೋಡಿ ಹೇಳೋ ಹಾಗಂತೂ ಇಲ್ಲವೇ ಇಲ್ಲ. ಅದೇ ತಪ್ಪು."

ಆ ಕಡೆ ಕತ್ತರಿಯನ್ನು ಕೆಳಗಿಟ್ಟ ಸದ್ದಾಯಿತು.

"ಅಂದ್ರೆ," ಎಂದ ಅಪ್ಪ ನಿಧಾನವಾಗಿ, "ಸುಮ್ ಸುಮ್ನೆ ಕಳ್ಳ ಅಂದಿಲ್ಲ. ನಿಜವಾಗ್ಲೂ ಏನೋ ನೋಡಿಯೇ ಅಂದಿದಾರೆ."

"ಹೂಂ, ಅಪ್ಪಾ."

"ಎದುರಿಗೆ ಆಡ್ತಿದ್ದೋನು ಒಬ್ಬನೇ ಇದ್ದ, ಪಾಪ. ಇಲ್ಲಿ ನಾವು ಬೆಂಚು ತುಂಬಾ. ಹಾಗೇ ಬರಿ. ಅಂಗಡಿಯೆಲ್ಲ ಸೇರಿ ಆಡಿದ್ವಿ, ಗೊತ್ತಿರಲಿಲ್ಲ, ತಪ್ಪಾಯ್ತು ಅಂತ. ಖಾತೆ ಕೊಟ್ರೆ ಕೊಡಲಿ, ಬಿಟ್ರೆ ಬಿಡಲಿ. ಆ ಹಳೇ ಡಬ್ಬಿ ನಿಮ್ಮಮ್ಮ ಎಲ್ಲಿಟ್ಟಿದಾಳೋ ಕೇಳು. ಮುಚ್ಚಳ ಇದೆಯಾ ನೋಡು ಅನ್ನು."

ಫೋನ್ ಇಡುವುದನ್ನು ಮರೆತನೆಂದು ಕಾಣುತ್ತದೆ. ಕಚಕಚ ಎಂದು ಗಾಳಿಯಲ್ಲಿ ಕತ್ತರಿ ಆಡಿದ್ದು ಕೇಳಿಸಿತು. ಅದರ ಹಿಂದೆಯೇ ಅಪ್ಪನ ದನಿ:

"ಮೇಷ್ಟ್ರೇ, ತಲೆ ಬಗ್ಗಿಸಿ. ನಾವೆಲ್ಲಾ ಸಿಕ್ಕಿಬಿದ್ದಿದೀವಂತೆ!"