ಬಿಳಿಗೂದಲಿನ ಜೋಡಿ

ಮಿಚಿಕೊ ಅಮ್ಮ, ಆ ಕೊನೆಯ ಚಿತ್ರ ಇತ್ತು. ಅದನ್ನು ಕತ್ತರಿಸಿ ತೆಗೆದವಳು ನಾನು.

ಗಲ್ಫಿನ ಅಲ್ ರೀಮ್ ಐಲ್ಯಾಂಡಿನಲ್ಲಿ, ನಿಮ್ಮ ಮಗ ಕೆಂಜಿಯ ಫ್ಲ್ಯಾಟಿನಲ್ಲಿ, ನಾನು ನಿಮ್ಮ ಹೋಮ್ ನರ್ಸ್ ಆಗಿದ್ದೆ. ಕಳೆದೇಹೋಯಿತೆಂದು ನೀವು ಕೊರಗುತ್ತಿದ್ದ ಸುರುಳಿಚಿತ್ರ ಹಳೆಯ ಪೆಟ್ಟಿಗೆಯ ತಳದಲ್ಲಿ, ಮದುವೆಯ ಕಿಮೊನೊ ಮಡಿಕೆಯೊಳಗೆ ಸಿಕ್ಕಿತು. ಗಂಡುಹೆಣ್ಣಿನ ಕೂಟದ ಚಿತ್ರಗಳು. ಜಪಾನಿನಲ್ಲಿ, ಮದುಮಗಳಾದ ನಿಮಗೆ ತಾಯಿಯೇ ಕೊಟ್ಟದ್ದಂತೆ! ಮಂಗಳೂರಿನ ನಮ್ಮವರು ಮದುವೆಯ ಹಿಂದಿನ ದಿನ ರೋಸ್ ಶಾಸ್ತ್ರದಲ್ಲಿ ಮದುಮಗಳಿಗೆ ತೆಂಗಿನ ಹಾಲು ಹಚ್ಚಿ ಮೀಯಿಸಿ ಕಳಿಸುತ್ತಾರೆ. ಮಿಕ್ಕಿದ್ದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಮರುದಿನ ನಾಲ್ಕಾರು ಆಪ್ತರ ಮುಂದೆ ಅದನ್ನು ಬಿಚ್ಚುವುದೆಂದಾಯಿತು. ಧೂಳು ಒರೆಸಲು ನನ್ನ ಕೈಗೆ ಕೊಟ್ಟಿರಿ. ಹರೆಯದವರನ್ನು ಹೇಗೋ ಸಹಿಸಿದೆ. ಕೊನೆಯದರಲ್ಲಿ ಇಬ್ಬರದೂ ತಲೆ ಬಿಳಿ — ಮೈಗೆ ಮೈ ತಾಗಿಸಿ ನಗುತ್ತಿದ್ದರು. "ಛೀ, ಈ ಪ್ರಾಯದಲ್ಲಿ ಇದೆಂಥದು ಮಾರಾಯ್ರೆ!" ಎಂದೆ, ಒಬ್ಬಳೇ. ದಿನಾ ನಿಮ್ಮನ್ನು ಮೀಯಿಸುತ್ತಿದ್ದವಳು — ಮುದಿ ಮೈಯಲ್ಲಿ ನೋವಲ್ಲದೆ ಬೇರೇನಾದರೂ ಇದ್ದೀತೆಂದು... ಬ್ಯಾಂಡೇಜಿನ ಕತ್ತರಿಯಲ್ಲಿ ಕತ್ತರಿಸಿ, ಅಂಚು ಮಡಚಿ ಅಂಟಿಸಿ, ಚಿತ್ರವನ್ನು ಕಸಕ್ಕೆ ಹಾಕಿದೆ. ನಿಮ್ಮ ಮರ್ಯಾದೆ ಉಳಿಸಿದೆನೆಂದು ಹೆಮ್ಮೆಪಟ್ಟೆ. ಇಂಥ ಚಿತ್ರ ಮನೆಯಲ್ಲಿ ಸಿಕ್ಕಿದರೆ ವೀಸಾ ಖಲಾಸ್ ಆಗುವ ಭಯಕ್ಕೆ ಹಾಗೆ ಮಾಡಿದೆ ಎಂದು ಆಮೇಲೆ ಗೆಳತಿಯೊಬ್ಬಳಿಗೆ ಹೇಳಿದ್ದೇನೆ, ಅದು ಸುಳ್ಳು.

ಕಿಟಕಿಯ ಪರದೆ ಎಳೆದು, ಕೆಂಜಿ ಸುರುಳಿಯನ್ನು ಉದ್ದದ ಮೇಜಿನ ಮೇಲೆ ಬಿಡಿಸಿದ. ನೀವು ಒಂದೊಂದು ಚಿತ್ರಕ್ಕೂ ಕಿಸಕ್ಕನೆ ನಕ್ಕಿರಿ. ತುದಿಗೆ ಬಂದಾಗ ನಿಮ್ಮ ಬೆರಳು ನಿಂತಿತು.

"ಮುದುಕರೆಲ್ಲಿ? 'ಇಲ್ಲಿವರೆಗೂ ಒಟ್ಟಿಗೆ ಬನ್ನಿ' ಅಂತ ಅಮ್ಮ ತೋರಿಸಿದ್ದಳು."

ಕೆಂಜಿ ನನ್ನತ್ತ ತಿರುಗಿದ. "ಸಿಸ್ಟರ್, ನೀವು ನೋಡಿದ್ರಾ?"

"ಇಲ್ಲ ಸರ್, ಅಂಥದ್ದು ಇರ್ಲಿಲ್ಲ. ಅಮ್ಮನಿಗೆ ಈಗೀಗ ಸ್ವಲ್ಪ ಮರೆವು."

ನಿಮಗೆ ಮರೆವು ಇರಲಿಲ್ಲ. ಆದರೆ ಅಂದಿನಿಂದ ನಿಮಗೆ ನಿಮ್ಮ ಮೇಲೇ ನಂಬಿಕೆ ಹೋಯಿತು. ಚಹಾ ಕುಡಿದದ್ದನ್ನೂ, ತೀರಿಕೊಂಡ ಗಂಡನ ಹೆಸರನ್ನೂ ಹೇಳಿ, "ಹೌದಲ್ಲವಾ?" ಎಂದು ನನ್ನ ಮುಖ ನೋಡುತ್ತಿದ್ದಿರಿ. ಯಾವುದು ನಿಜವೆಂದು ನೀವು ಕೇಳುತ್ತಿದ್ದದ್ದು ನನ್ನನ್ನು — ನನ್ನನ್ನೇ.

ಆಸ್ಪತ್ರೆಯಲ್ಲಿ, ಕೊನೆಕೊನೆಗೆ, ಮತ್ತೆ ಕೇಳಿದಿರಿ: "ಆ ಮುದುಕ-ಮುದುಕಿ ಇರಲೇ ಇಲ್ಲ, ಅಲ್ಲವಾ?" ಕೋಣೆಯಲ್ಲಿ ನಾವಿಬ್ಬರೇ ಇದ್ದೆವು. ನಿಜ ಹೇಳಬಹುದಿತ್ತು.

"ಇರ್ಲಿಲ್ಲ ಅಮ್ಮ" ಎಂದೆ.

ನೀವು ನನ್ನ ಕೈ ತಟ್ಟಿ, ಥ್ಯಾಂಕ್ಸ್ ಹೇಳಿದಿರಿ.