ಕೆರೆಯ ಮುಂದೆ ನಿಂತವರು

ಆರ್ಥಿಕ ಹಿಂಜರಿತದ ಆ ವರ್ಷ ನನ್ನ ಗಂಡನ ಎಂಜಿನಿಯರ್ ಕೆಲಸ ಹೋಯಿತು. ಮೈಸೂರಿನಲ್ಲಿದ್ದ ಅತ್ತೆಗೆ ಹೇಳಲಿಲ್ಲ. ಮನೆಯಲ್ಲಿ ಕೂತು ಕೂತು ನಮ್ಮ ಜಗಳ ಹೆಚ್ಚಾದಾಗ, ಟೆಂಟು, ಅವಲಕ್ಕಿ, ಕ್ಯಾಮೆರಾ ಎಲ್ಲವನ್ನೂ ಕಾರಿಗೆ ತುಂಬಿಕೊಂಡು ನಾವಿದ್ದ ಫಾರ್ಮಿಂಗ್ಟನ್ ಹಿಲ್ಸ್‌ನಿಂದ ಎರಡು ದಿನ ಡ್ರೈವ್ ಮಾಡಿ ಕೊಲರಾಡೋದ ನ್ಯಾಷನಲ್ ಪಾರ್ಕಿಗೆ ಹೋದೆವು.

ಅಲ್ಲಿ ಬೆಟ್ಟದ ಮೇಲೆ ಸರೋವರಗಳು. ಒಂದೊಂದಕ್ಕೂ ಮೂರು ನಾಲ್ಕು ಮೈಲಿ ಹತ್ತಬೇಕು. ಹತ್ತಿದ ಮೇಲೆ ಈ ಮಹಾಶಯರು ಗಾಳಿ ನಿಲ್ಲಲಿ, ಶಿಖರದ ಬಿಂಬ ನೀರಿನಲ್ಲಿ ಸರಿಯಾಗಿ ಮೂಡಲಿ ಎಂದು ಗಂಟೆಗಟ್ಟಲೆ ಕಾಯುತ್ತಿದ್ದರು. ನಾನು ಬಂಡೆಯ ಮೇಲೆ ಕೂತು ಸೊಳ್ಳೆ ಹೊಡೆಯುತ್ತಿದ್ದೆ. ಬೈಯಬೇಕೆಂದು ಬಾಯಿ ತೆರೆದವಳು, ಎಷ್ಟೋ ತಿಂಗಳ ಮೇಲೆ ಅವರು ಸಿಳ್ಳೆ ಹಾಕುವುದನ್ನು ಕೇಳಿ ಮತ್ತೆ ಸೊಳ್ಳೆ ಹೊಡೆಯತೊಡಗಿದೆ.

ವಾಪಸು ಬಂದ ಮೇಲೆ ಅತ್ತೆಗೆ ಹತ್ತು ಫೋಟೋ ಮೇಲ್ ಮಾಡಿದೆವು. ಮಗ ಸುಖವಾಗಿ ರಜೆ ಕಳೆದು ಬಂದ ಎಂದುಕೊಳ್ಳಲಿ ಅಂತ.

ಫೋನಿನಲ್ಲಿ ಅತ್ತೆ ರೇಗಿದರು: "ಬರೀ ನೀರು ಕಳಿಸಿದೀಯಲ್ಲೋ! ನೀನೆಲ್ಲಿ ಇದೀಯ ಇದ್ರಲ್ಲಿ?"

ಈ ಮಹಾಶಯರಿದ್ದ ಫೋಟೋ ಒಂದೇ ಒಂದು, ಕೊನೆಯ ದಿನ ನಾನು ಗದರಿಸಿ ಕೆರೆಯ ಮುಂದೆ ನಿಲ್ಲಿಸಿ ತೆಗೆದದ್ದು. ಬಾಯ್ತುಂಬ ನಗುತ್ತಿದ್ದರು. ನಾನೇ ಹೆಮ್ಮೆಯಿಂದ ಕಳಿಸಿದೆ. ಜ್ವರ ಬಂದರೂ ಕಾಫಿಗೆ ಮುಂಚೆ ಶೇವ್ ಮಾಡುತ್ತಿದ್ದ ಮನುಷ್ಯ ಗಡ್ಡ ಬಿಟ್ಟು ಎಷ್ಟು ದಿನವಾಗಿತ್ತೆಂದರೆ, ಅದು ನನ್ನ ಕಣ್ಣಿಗೆ ಬೀಳುವುದೇ ನಿಂತುಹೋಗಿತ್ತು.

ಮರುದಿನ ಅತ್ತೆಯ ಫೋನ್ ಬಂತು. ಸ್ಪೀಕರಿನಲ್ಲಿ ನನಗೂ ಕೇಳಿಸಿತು.

"ಕೆರೆ ತುಂಬಾ ಚೆನ್ನಾಗಿದೆ ಕಣೋ," ಎಂದರು. ಆಮೇಲೆ ಮೆಲ್ಲಗೆ, "ಕೆಲಸ ಯಾವಾಗ ಹೋಯ್ತು, ಮಗಾ?"