ವರ್ಗಾವಣೆಯ ದಿನ ತೆರೆಯದ ವೈಫೈ

ಶಹಾಪುರದಲ್ಲಿ ನನ್ನನ್ನು ಮೊದಲು ಬೆಚ್ಚಿಸಿದ್ದು ಬಿಸಿಲಲ್ಲ, “ಏನ್ ಬೇಕ್ರಿ?” ಎಂಬ ಪ್ರಶ್ನೆ. ಮನೆಯೊಡೆಯ ಶರಣಪ್ಪನವರು ಜಗಳಕ್ಕೆ ನಿಂತವರಂತೆ ಕೇಳಿದರು; ಇಲ್ಲಿನ ಶಾಲೆಗೆ ಶಿಕ್ಷಕಿಯಾಗಿ ಆಗಷ್ಟೇ ಬಂದಿಳಿದಿದ್ದ ನಾನು ಬ್ಯಾಗು ಹಿಡಿದು ಹಿಂದೆ ಸರಿದೆ. ಅವರು ಕೇಳಿದ್ದು ಚಹಾವೋ ನೀರೋ ಎಂದು, ಆಮೇಲೆ ತಿಳಿಯಿತು. ಮೊದಲ ವಾರವೆಲ್ಲ ಅಳುತ್ತಿದ್ದೆ ಎಂದು ಕುಂದಾಪುರದ ನಿಮಗೆಲ್ಲ ಹೇಳಿದ್ದೇನೆ. ಅಷ್ಟು ನಂಬಬೇಡಿ. ಹೆಚ್ಚಿನಂಶ ನಿದ್ದೆ ಮಾಡಿದ್ದೆ.

ನಮ್ಮಲ್ಲಿ ನೀರೆಂದರೆ ಅಂಗಳದ ಬಾವಿ. ಇಲ್ಲಿ ಅದು ದೂರದ ಅಣೆಕಟ್ಟಿನಿಂದ ಕಾಲುವೆಯಲ್ಲಿ, ಸರದಿಯ ಮೇಲೆ ಬರುತ್ತದೆ. ಶರಣಪ್ಪನವರು ನಿವೃತ್ತಿಯವರೆಗೂ ಕಾಲುವೆಯ ಗೇಟು ಏರಿಸಿ ಇಳಿಸಿದವರು. ಅವರ ಹೆಂಡತಿ ನೀಲಮ್ಮ ನನಗೆ ಜೋಳದ ರೊಟ್ಟಿ ಕಲಿಸಿದರು. ನಾಲ್ಕು ವರ್ಷವಾದರೂ ನನ್ನ ರೊಟ್ಟಿ ದುಂಡಗಾಗಿಲ್ಲ.

ಈ ಸಲ ಶಿಕ್ಷಕರ ವರ್ಗಾವಣೆಯ ಆಯ್ಕೆ ಆನ್‌ಲೈನಿನಲ್ಲಿ. ಹನ್ನೊಂದಕ್ಕೆ ನನ್ನ ಸರದಿ. ತಪ್ಪಿದರೆ ಊರಿನಲ್ಲಿ ಅಪ್ಪನ ಜೊತೆಗಿರುವ ಎರಡನೇ ತರಗತಿಯ ಮಗಳನ್ನು ಇನ್ನೊಂದು ವರ್ಷ ಪರದೆಯ ಮೇಲೇ ನೋಡಬೇಕು. ಕಲ್ಲುಗೋಡೆಯ ಈ ಮನೆಯೊಳಗೆ ಮೊಬೈಲ್ ಸಿಗ್ನಲ್ ನಿಲ್ಲದು; ಮನೆಯವರ ವೈಫೈಯೇ ಗತಿ.

ಹತ್ತೂವರೆಗೆ ಲ್ಯಾಪ್‌ಟಾಪ್ ತೆರೆದೆ. ವೈಫೈ ಸಿಗ್ನಲ್ ಪೂರ್ತಿ ಇದೆ, ಕನೆಕ್ಟ್ ಆಗುತ್ತಿಲ್ಲ. ರೂಟರ್ ಆರಿಸಿ ಹಚ್ಚಿದೆ. ಲ್ಯಾಪ್‌ಟಾಪನ್ನೂ ಆರಿಸಿ ಹಚ್ಚಿದೆ. ಚಕ್ರ ಸುತ್ತಿ ಸುತ್ತಿ ಅದೇ ಉತ್ತರ: ಸೇರಲಾಗುತ್ತಿಲ್ಲ.

“ನಮ್ಮ ಫೋನ್ ಎಲ್ಲಾ ಮುಂಜಾನಿಂದ ಬಂದ್ ಇಟ್ಟೀವ್ರಿ ಅಕ್ಕೋರ,” ಎಂದರು ನೀಲಮ್ಮ. ಶಿಕ್ಷಕಿಯರನ್ನು ಇಲ್ಲಿ ಹೀಗೇ ಕರೆಯುತ್ತಾರೆ. “ಮತ್ತ್ ನೆಟ್ ಯಾರು ಎಳಿಯಾಕತ್ತಾರ?”

ಅನುಮಾನ ಬಂದು ಶರಣಪ್ಪನವರತ್ತ ತಿರುಗಿದೆ. “ಕಾಕಾ, ಪಾಸ್‌ವರ್ಡ್ ಬದಲಾಯಿಸಿದಿರಾ?”

“ನಿನ್ನಿ ಸಂಜಿಕೇ ಬದಲಿ ಮಾಡಿಸೀನ್ರಿ. ಓಣಿ ಮಂದಿ ಎಲ್ಲಾ ನಮ್ಮದ ವೈಫೈ ಬಳಸ್ತಿದ್ರು. ಮ್ಯಾಲಿನ ತೂಬು ಮುಚ್ಚಿದ್ರನ ಕಡೀ ಹೊಲಕ್ಕ ನೀರು ಮುಟ್ಟತದ.”

“ನನಗೆ ಹೇಳಲೇ ಇಲ್ಲವಲ್ಲ.”

“ನೀವು ಮನೀ ಮಂದಿ. ನಿಮಗ ತಾನ ತೆರೀತದ ಅಂತ ತಿಳದೆ.”

“ಊರ ಮಂದೀನ ಹೊರಗ ಹಾಕಾಕ ಹೋಗಿ ಅಕ್ಕೋರನ್ನೂ ಹೊರಗ ಹಾಕ್ಯಾನ, ಶಾಣ್ಯಾ,” ಎಂದರು ನೀಲಮ್ಮ.

ಲ್ಯಾಪ್‌ಟಾಪ್ ಹಳೆಯ ಪಾಸ್‌ವರ್ಡನ್ನೇ ಮತ್ತೆ ಮತ್ತೆ ಕೊಡುತ್ತಿತ್ತು. ಉಳಿಸಿದ್ದ ನೆಟ್‌ವರ್ಕನ್ನು ಅಳಿಸಿದೆ. ಕಾಕಾ ಕನ್ನಡಕ ಏರಿಸಿ ಚೀಟಿಯಿಂದ ಒಂದೊಂದೇ ಅಕ್ಷರ ಓದಿದರು, ನಾನು ಒತ್ತಿದೆ. ಸೇರಿತು. ಆಗ ಗಡಿಯಾರದಲ್ಲಿ ಎಷ್ಟಾಗಿತ್ತೋ ಹೇಳಲಾರೆ. ಒಂದೇ ನಿಮಿಷ ಉಳಿದಿತ್ತು ಎಂದರೆ ಕಥೆ ಚೆನ್ನಾಗುತ್ತದೆ, ಅಷ್ಟೆ. ಪಟ್ಟಿಯಲ್ಲಿ ಕುಂದಾಪುರದ ಶಾಲೆಯೊಂದಿತ್ತು. ಒತ್ತಿದೆ. ಸಿಕ್ಕಿತು.

ನೀಲಮ್ಮ ತಮ್ಮ ಫೋನ್ ಹಚ್ಚಿದರು. ರಾಯಚೂರಿನ ಮಗಳಿಂದ ಆರು ಸಲ ಕರೆ ಬಂದಿತ್ತು. ಮತ್ತೆ ಬಂತು. “ಬೈಬ್ಯಾಡವ್ವ,” ಎಂದರು ಅವಳಿಗೆ. “ಅಕ್ಕೋರು ಅವರ ಮಗಳ ಕಡೀಗಿ ಹೊಂಟಾರ. ಅದರ ಸಲುವಾಗಿ ಬಂದ್ ಇಟ್ಟಿದ್ದೆ.”

ನಾನೂ ಅಂಗಳಕ್ಕೆ ಬಂದು ಮನೆಗೆ ಫೋನ್ ಮಾಡಿದೆ.

“ಅಮ್ಮ, ಯಾವತ್ತ್ ಬತ್ತೆ?” ಎಂದಳು ಮಗಳು.

“ಲಗೂನ ಬರ್ತೀನವ್ವ.”

ಅವಳು ಫೋನನ್ನು ಕಿವಿಯಿಂದ ಸರಿಸಿದಳೇನೋ. ಆಮೇಲೆ ಅವಳ ದನಿ, ದೂರದಿಂದ: “ಅಪ್ಪಯ್ಯ, ಇದ್ ಅಮ್ಮ ಅಲ್ಲ, ಬೇರೆ ಯಾರೋ.”

ಬೇಗ ಬರುತ್ತೇನೆಂದು ನಮ್ಮೂರಿನ ಮಾತಿನಲ್ಲೇ ಮತ್ತೊಮ್ಮೆ ಹೇಳಿದೆ. ಹೊಸ್ತಿಲಲ್ಲಿ ನಿಂತಿದ್ದ ನೀಲಮ್ಮ, ಒಂದಕ್ಷರವೂ ತಿಳಿಯದೆ, ನನ್ನನ್ನು ಹೊಸಬಳಂತೆ ನೋಡಿದರು.